ಕಟ್‌ಆಫ್ ಇಲ್ಲದ ಊರಿಗೆ ಹೊರಟವರಿಗೆ

ತಮ್ಮಾ, ತಂಗೀ,

"ಹಾರ್ವರ್ಡ್‌ಗೆ ಕಟ್‌ಆಫ್ ಎಷ್ಟ ಅದರಿ ಸರ?" ಅಂತ ಕೇಳುವ ಹುಡುಗರು ಈಗ ಆಳಂದದಲ್ಲೂ ಇದ್ದಾರೆ, ಜೇವರ್ಗಿಯಲ್ಲೂ ಇದ್ದಾರೆ. ಮೊದಲೆಲ್ಲ ಕೇಳುತ್ತಿದ್ದದ್ದು ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜುಗಳ ಕಟ್‌ಆಫ್, ಇಲ್ಲವೇ ಮೆಡಿಕಲ್ ಸೀಟಿಗೆ ನಮ್ಮ ಭಾಗದವರಿಗಿರುವ 371(ಜೆ) ಕೋಟಾದಲ್ಲಿ ನಿಂತ ಕೊನೆಯ ರ‍್ಯಾಂಕ್. ಮೊಬೈಲು ಬಂದ ಮೇಲೆ ಕನಸಿನ ನಕಾಶೆ ದೊಡ್ಡದಾಗಿದೆ. ಅದಕ್ಕೆ ನನಗೇನೂ ಬೇಸರವಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತನಾದವನಿಗೆ ಮಕ್ಕಳು ದೂರದ್ದನ್ನು ಕೇಳಿದರೆ ಖುಷಿಯೇ. ಆದರೆ ಆ ಪ್ರಶ್ನೆಗೆ ಉತ್ತರವಿಲ್ಲ. ಯಾಕಿಲ್ಲ ಅನ್ನುವುದನ್ನು ಬಿಡಿಸಿ ಹೇಳುವುದೇ ಈ ಕಿವಿಮಾತಿನ ಅರ್ಧ ಕೆಲಸ.

ಸಿಇಟಿಯಲ್ಲಿ ಇಂಥ ರ‍್ಯಾಂಕ್ ಬಂದರೆ ಇಂಥ ಸೀಟು ನಿನ್ನದು, ಯಾರಪ್ಪನೂ ತಪ್ಪಿಸಲಾರ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಯಾವ ಅಂಕವೂ ಹಾಗೆ ಸೀಟು ಕೊಡಿಸುವುದಿಲ್ಲ. ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1600 ತಂದವರೂ ಅಲ್ಲಿಂದ ಬರಿಗೈಯಲ್ಲಿ ಮರಳುತ್ತಾರೆ. ನಮ್ಮ ಕಡೆ ಜಾತ್ರೆಗೆ ನಾಟಕ ಕಲಿಸಲು ಬರುವ ಮಾಸ್ತರನನ್ನು ನೆನೆಸಿಕೋ. ಊರಲ್ಲಿ ಹತ್ತು ಮಂದಿ ಚೆಂದ ಹಾಡುವವರಿದ್ದರೂ ಅವನಿಗೆ ಬೇಕಾದ ನಾಯಕ ಒಬ್ಬನೇ. ಖಳನಾಯಕ ಬೇಕು, ನಗಿಸುವವನು ಬೇಕು, ಹಾರ್ಮೋನಿಯಂ ಹಿಡಿಯುವವನು ಬೇಕು, ಪರದೆಗೆ ರೊಕ್ಕ ಕೊಟ್ಟ ಗೌಡರ ಮಗನಿಗೂ ಒಂದು ಪಾತ್ರ ಬೇಕು. ಒಂಬತ್ತು ಮಂದಿ ಹಾಡುಗಾರರು ಮನೆಗೆ ಹೋಗುತ್ತಾರೆ. ಅವರ ದನಿ ಕೆಟ್ಟದಾಗಿತ್ತು ಅಂತ ಅದರ ಅರ್ಥವಲ್ಲ.

ಗೌಡರ ಮಗ ಅಂದದ್ದು ತಮಾಷೆಗಲ್ಲ. ಹಾರ್ವರ್ಡ್ ಮೇಲಿನ ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರ ಜೂನ್‌ನಲ್ಲಿ ಜನಾಂಗದ ಲೆಕ್ಕ ಹಿಡಿದು ಸೀಟು ಕೊಡುವ ಪದ್ಧತಿ ನಿಂತಿತು. ಆ ಮೊಕದ್ದಮೆಯ ಕಾಗದಗಳಲ್ಲಿ ಒಳಗಿನ ಪದ್ಧತಿಯೂ ಹೊರಬಿತ್ತು. ಓದಿಗೊಂದು, ಓದಿನಾಚೆಯ ಕೆಲಸಕ್ಕೊಂದು, ಆಟಕ್ಕೊಂದು, ಸ್ವಭಾವಕ್ಕೊಂದು ಅಂತ ಬೇರೆ ಬೇರೆ ದರ್ಜೆ ಹಾಕುತ್ತಾರೆ. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ, ಅಲ್ಲೇ ಪಾಠ ಹೇಳುವವರ ಮಕ್ಕಳಿಗೆ, ದೊಡ್ಡ ದೇಣಿಗೆಯ ಮನೆಯವರಿಗೆ, ಕಾಲೇಜು ತಂಡಕ್ಕೆ ಆರಿಸಿದ ಆಟಗಾರರಿಗೆ ಬಾಗಿಲು ಸ್ವಲ್ಪ ಅಗಲವಾಗಿಯೇ ತೆರೆಯುತ್ತದೆ. ಮ್ಯಾನೇಜ್‌ಮೆಂಟ್ ಕೋಟಾ ನಮ್ಮಲ್ಲಷ್ಟೇ ಅದ ಅಂದುಕೊಂಡಿದ್ದಿಯೇನು? ಎಂಐಟಿ ಮಾತ್ರ ಈ ಮನೆತನದ ಲೆಕ್ಕ ಹಿಡಿಯುವುದಿಲ್ಲ, ಆಮ್ಹರ್ಸ್ಟ್ ಕಾಲೇಜು 2021ರಲ್ಲಿ ಅದನ್ನು ಕೈಬಿಟ್ಟಿತು. ಆಟಗಾರ, ದಾನಿಯ ಮಗಳು, ಪ್ರಾಧ್ಯಾಪಕನ ಮಗ, ಇವರೆಲ್ಲರನ್ನೂ ಸೇರಿಸಿ ತೆಗೆದ ಸರಾಸರಿಯೇ, ಅರ್ಜಿ ಹಾಕಿದವರಲ್ಲಿ ಆಯ್ಕೆಯಾಗುವವರು 'ನೂರಕ್ಕೆ ನಾಲ್ಕು' ಅಂತ ಪತ್ರಿಕೆಯಲ್ಲಿ ಬರುವ ಲೆಕ್ಕ. ನೀನು ಅವರ್‍ಯಾರೂ ಅಲ್ಲ. ಹಾಗಾಗಿ ಆ ನಾಲ್ಕು ನಿನ್ನದಲ್ಲ.

ಈಗ ಅಂಕಿಗೆ ಬರೋಣ. 2024ರಲ್ಲಿ ಹಾರ್ವರ್ಡ್‌ಗೆ ಬಂದ ಅರ್ಜಿ 54,008, ಆಯ್ಕೆಯಾದವರು 1,937. ಅದೇ ವರ್ಷ ಎಂಐಟಿಗೆ 28,000ಕ್ಕೂ ಮಿಕ್ಕಿ ಅರ್ಜಿ, ಆಯ್ಕೆ 1,300ರ ಒಳಗೆ. ಎರಡೂ ಕಡೆ ನೂರಕ್ಕೆ ನಾಲ್ಕರ ಆಸುಪಾಸು. ಆದರೆ ವಿದೇಶಿಯರನ್ನಷ್ಟೇ ಬೇರೆ ಮಾಡಿ ನೋಡಿದರೆ ಎಂಐಟಿಯ ಲೆಕ್ಕ ನೂರಕ್ಕೆ ಎರಡರ ಹತ್ತಿರ ಬಂದು ನಿಲ್ಲುತ್ತದೆ. ಅಲ್ಲಿ ಪದವಿ ತರಗತಿಯಲ್ಲಿ ವಿದೇಶಿಯರ ಪಾಲು ಹತ್ತರಲ್ಲೊಂದರಷ್ಟೇ. ಅಂದರೆ ಚೀನಾ, ಕೊರಿಯಾ, ಬ್ರೆಜಿಲ್, ನೈಜೀರಿಯಾ, ನಮ್ಮ ದೇಶ, ಎಲ್ಲ ಸೇರಿ ನೂರಮೂವತ್ತರ ಆಸುಪಾಸಿನ ಜಾಗ. ಭಾರತದಿಂದ ಅರ್ಜಿ ಹಾಕುವವರ ಪೈಕಿ ಗಣಿತ ಒಲಿಂಪಿಯಾಡ್ ಪದಕದವರು, ಎಂಟನೇ ತರಗತಿಯಿಂದಲೇ ತಜ್ಞರನ್ನಿಟ್ಟು ತಯಾರಾದ ದಿಲ್ಲಿ, ಮುಂಬೈ, ಬೆಂಗಳೂರಿನ ಮಕ್ಕಳು ಇರುತ್ತಾರೆ.

ಇಲ್ಲಿ ಒಂದು ಗಣಿತದ ತಪ್ಪನ್ನು ತಿದ್ದಲೇಬೇಕು. 'ನೂರಕ್ಕೆ ನಾಲ್ಕಾದರೆ ಇಪ್ಪತ್ತು ಕಡೆ ಹಾಕ್ತೀನಿ, ನಾಲ್ಕಿಪ್ಪತ್ಲೆ ಎಂಬತ್ತು, ಒಂದಾದರೂ ಬರ್ತದ' ಅನ್ನುವ ಲೆಕ್ಕ. ಲಾಟರಿ ಚೀಟಿಯೇ ಆಗಿದ್ದರೂ ಹಾಗೆ ಕೂಡಿಸಲು ಬರುವುದಿಲ್ಲ. ನಾಲ್ಕರಂತೆ ಇಪ್ಪತ್ತು ಚೀಟಿಗೆ ಒಂದಾದರೂ ಬರುವ ಸಂಭವ ನೂರಕ್ಕೆ ಐವತ್ತಾರು, ಎರಡರಂತೆ ಹಿಡಿದರೆ ಮೂವತ್ಮೂರು. ಅದೂ ಚೀಟಿಗೂ ಚೀಟಿಗೂ ಸಂಬಂಧವಿಲ್ಲದಿದ್ದರೆ ಮಾತ್ರ. ಇಲ್ಲಿ ಇಪ್ಪತ್ತು ಕಡೆ ಹೋಗುವುದು ಅದೇ ಅಂಕಪಟ್ಟಿ, ಅದೇ ಪ್ರಬಂಧ, ಅದೇ ಮಾಸ್ತರರ ಪತ್ರ. ಒಂದು ಕಡೆ ಬೇಡವೆನಿಸಿದ್ದು ಉಳಿದ ಕಡೆಯೂ ಬೇಡವೆನಿಸುವ ಸಾಧ್ಯತೆಯೇ ಹೆಚ್ಚು. ಒಂದೊಂದು ಅರ್ಜಿಗೆ ಎಪ್ಪತ್ತೈದರಿಂದ ತೊಂಬತ್ತು ಡಾಲರ್, ಇಪ್ಪತ್ತಕ್ಕೆ ಒಂದೂಕಾಲು ಲಕ್ಷ ದಾಟುತ್ತದೆ. ಬಡ ಮನೆಯವರಿಗೆ ಅರ್ಜಿ ಶುಲ್ಕ ಮಾಫಿ ಮಾಡುವ ವ್ಯವಸ್ಥೆ ಹೆಚ್ಚಿನ ಕಡೆ ಇದೆ, ಕೇಳಲು ನಾಚಬೇಡ.

ಇನ್ನು ರೊಕ್ಕದ ಮಾತು. ನಮ್ಮ ತಾಲೂಕಿನವರಿಗೆ ಇದೇ ಮುಖ್ಯ, ಆದರೂ ಯಾರೂ ಇದನ್ನು ಸರಿಯಾಗಿ ಹೇಳುವುದಿಲ್ಲ. ಈ ಕಾಲೇಜುಗಳ ಒಂದು ವರ್ಷದ ಒಟ್ಟು ಖರ್ಚು ಎಂಬತ್ತೈದು-ತೊಂಬತ್ತು ಸಾವಿರ ಡಾಲರ್, ಅಂದರೆ ಎಪ್ಪತ್ತು ಲಕ್ಷದ ಮೇಲೆ. ನಾಲ್ಕು ವರ್ಷ. ಹತ್ತೆಕರೆ ತೊಗರಿಯವನ ಮಾತು ಬಿಡು, ಕಲಬುರಗಿಯ ದಾಲ್‌ಮಿಲ್ ಮಾಲೀಕನಿಗೂ ಇದು ಭಾರವೇ. ಆದರೆ ತಮಾಷೆ ನೋಡು, ಹಾರ್ವರ್ಡ್‌ಗೋ ಎಂಐಟಿಗೋ ಸೇರಿದರೆ ನಿನ್ನಪ್ಪ ಒಂದು ರೂಪಾಯಿಯನ್ನೂ ಕೊಡಬೇಕಾಗಿ ಬರಲಿಕ್ಕಿಲ್ಲ. ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಕಡಿಮೆ ಆದಾಯದ ಸಾಮಾನ್ಯ ಕುಟುಂಬದ ಮಕ್ಕಳಿಗೆ ಊಟ, ವಸತಿ, ಓದು ಎಲ್ಲ ಸೇರಿ ಮಾಫಿ ಅಂತ ಎರಡೂ ಕಡೆ 2025ರ ಶೈಕ್ಷಣಿಕ ವರ್ಷದಿಂದ ಜಾರಿಯಾಗಿದೆ. ಅಫಜಲಪುರ ತಾಲೂಕಿನಲ್ಲಿ ಆ ಗೆರೆಯ ಮೇಲಿನವರು ಎಷ್ಟು ಮಂದಿ ಸಿಕ್ಕಾರು ನೀನೇ ಎಣಿಸು.

ಒಳಗೆ ಹೋದರೆ ಪುಕ್ಕಟೆ, ಒಳಗೆ ಹೋಗುವುದೇ ಫಜೀತಿ. ಅದರಲ್ಲೂ ಒಂದು ಒಳಸುಳಿ ಇದೆ. ಹೆಚ್ಚಿನ ಕಾಲೇಜುಗಳು ವಿದೇಶಿ ಹುಡುಗನ ಅರ್ಜಿ ನೋಡುವಾಗ 'ಇವನಿಗೆ ನಾವು ರೊಕ್ಕ ಕೊಡಬೇಕಾ?' ಅನ್ನುವುದನ್ನೂ ನೋಡುತ್ತವೆ. ಸಹಾಯ ಕೇಳಿದವನ ತಕ್ಕಡಿ ಅಲ್ಲಿಗೆ ಮೇಲೇಳುತ್ತದೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್‌ನಂಥವರೂ ಹೀಗೆಯೇ. ತೆಗೆದುಕೊಂಡರೆ ಪೂರಾ ಸಹಾಯ ಮಾಡುತ್ತಾರೆ, ಆದರೆ ತೆಗೆದುಕೊಳ್ಳುವ ಮುನ್ನ ಲೆಕ್ಕ ಹಾಕುತ್ತಾರೆ. ಬರ್ಕ್ಲಿಯಂಥ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ವಿದೇಶಿ ಪದವಿ ವಿದ್ಯಾರ್ಥಿಯ ಬಡತನ ನೋಡಿ ಕೊಡುವ ಸಹಾಯವೇ ಇಲ್ಲ. ರೊಕ್ಕದ ಅಗತ್ಯ ನೋಡದೆ ವಿದೇಶಿಯರನ್ನು ಆರಿಸಿ, ಆಮೇಲೆ ಬೇಕಾದಷ್ಟನ್ನೂ ಕೊಡುವವರು ಇಡೀ ಅಮೆರಿಕದಲ್ಲಿ ಹತ್ತರ ಆಸುಪಾಸು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಡಾರ್ಟ್‌ಮತ್, ಬ್ರೌನ್, ಆಮ್ಹರ್ಸ್ಟ್, ಬೋಡನ್, ವಾಷಿಂಗ್ಟನ್ ಅಂಡ್ ಲೀ, ನೋಟರ್ ಡೇಮ್. ಇದರಲ್ಲಿ ಆಮ್ಹರ್ಸ್ಟ್, ಬೋಡನ್ ಸಣ್ಣ ಕಾಲೇಜುಗಳು. ಒಂದೊಂದರಲ್ಲಿ ಎರಡು ಸಾವಿರ ಮಂದಿಯೂ ಇಲ್ಲ. ಅವುಗಳ ಹೆಸರು ಹೇಳಿದರೆ ನಮ್ಮೂರ ಕಟ್ಟೆಯ ಮೇಲೆ ಯಾರೂ ಹುಬ್ಬೇರಿಸುವುದಿಲ್ಲ. ಕಟ್ಟೆಯವರಿಗಾಗಿ ಓದಲು ಹೋಗುವವನು ನೀನಲ್ಲ ಅಂದುಕೊಂಡಿದ್ದೇನೆ. ತಂಗೀ, ನಿನಗೆ ಇನ್ನೆರಡು ಹೆಸರು ಸೇರಿಸುತ್ತೇನೆ, ಮೌಂಟ್ ಹೋಲಿಯೋಕ್ ಮತ್ತು ಸ್ಮಿತ್. ಎರಡೂ ಹೆಣ್ಣುಮಕ್ಕಳ ಕಾಲೇಜು. ಸಹಾಯ ಕೇಳಿದ್ದನ್ನು ಇವರೂ ಗಮನಿಸುತ್ತಾರೆ, ಆದರೆ ವಿದೇಶಿ ಹುಡುಗಿಯರಿಗೆ ಕೈಬಿಚ್ಚಿ ಕೊಡುವ ರೂಢಿ ಇದೆ.

ಸಹಾಯ ಕೇಳಬೇಕಾದರೆ ಮನೆಯ ಲೆಕ್ಕ ಬಿಚ್ಚಿಡಬೇಕು. ಅಲ್ಲಿಯವರ ಫಾರಂನಲ್ಲಿ ತೆರಿಗೆ ಕಾಗದ ಕೇಳುತ್ತಾರೆ, ನಮ್ಮ ರೈತನ ಹತ್ತಿರ ಇರುವುದು ಪಹಣಿ ಮತ್ತು ನಾಡಕಚೇರಿಯ ಆದಾಯ ಪ್ರಮಾಣಪತ್ರ. ಇಲ್ಲೊಂದು ಎಚ್ಚರ. ಹಾಸ್ಟೆಲ್ಲಿಗೆ, ಸ್ಕಾಲರ್‌ಶಿಪ್ಪಿಗೆ ಅಂತ ವರ್ಷದ ಆದಾಯ ಮೂವತ್ತು ಸಾವಿರ ಅಂತ ಬರೆಸುವ ಚಟ ನಮ್ಮಲ್ಲಿ ಇದೆ. ಅದೇ ಮನೆಯ ಬ್ಯಾಂಕ್ ಪಾಸ್‌ಬುಕ್‌ನಲ್ಲಿ ತೊಗರಿ ಮಾರಿದ ಎರಡೂವರೆ ಲಕ್ಷ ಜಮಾ ಆಗಿರುತ್ತದೆ. ಎರಡನ್ನೂ ಒಟ್ಟಿಗೆ ಕಳಿಸಿದರೆ ಅಲ್ಲಿ ಕುಳಿತವನಿಗೆ ಏನನ್ನಿಸೀತು? ನಿಜವಾದದ್ದನ್ನು ಬರೆ. ಮಳೆ ಕೈಕೊಟ್ಟ ವರ್ಷ ಎಷ್ಟು, ಬಂದ ವರ್ಷ ಎಷ್ಟು, ಎತ್ತಿನ ಸಾಲ ಎಷ್ಟು, ಒಂದು ಪುಟದಲ್ಲಿ ಅಪ್ಪನನ್ನು ಕೂರಿಸಿಕೊಂಡು ಬರೆ. ನಿಜ ಬರೆದರೂ ನೀನು ಅವರ ಲೆಕ್ಕದಲ್ಲಿ ಬಡವನೇ.

ಹಾಗಾದರೆ ಏನು ತೋರಿಸಬೇಕು? ಕಾಮನ್ ಅಪ್ಲಿಕೇಶನ್ ಎಂಬ ಅರ್ಜಿಯಲ್ಲಿ ಓದಿನಾಚೆಯ ಕೆಲಸಗಳಿಗೆ ಹತ್ತು ಸಾಲು, ಪ್ರಬಂಧಕ್ಕೆ 650 ಪದ. ಪೇಟೆಯ ಮಕ್ಕಳು ಅಲ್ಲಿ ಪಿಯಾನೊ, ಡಿಬೇಟು, ರೋಬೋಟು ಬರೆಯುತ್ತಾರೆ. ನಮ್ಮ ಮಕ್ಕಳು 'ನಮ್ಮಲ್ಲಿ ಏನೂ ಇಲ್ಲ ಸರ' ಅನ್ನುತ್ತಾರೆ. ಏನೂ ಇಲ್ಲವೇ? 2022ರ ಹಂಗಾಮಿನಲ್ಲಿ ನೆಟೆರೋಗ ಬಂದು ನಮ್ಮ ಕಲಬುರಗಿ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದ್ದನ್ನು ನೀನು ಕಣ್ಣಾರೆ ಕಂಡಿದ್ದೀ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದವರು ರೋಗ ತಡೆಯಲೆಂದು ಟಿಎಸ್-3ಆರ್, ಜಿಆರ್‌ಜಿ-811 ಅಂತ ತಳಿ ಕೊಟ್ಟಿದ್ದಾರೆ. ನಿಮ್ಮ ಹೊಲದಲ್ಲಿ ಒಂದು, ಪಕ್ಕದವರ ಹೊಲದಲ್ಲಿ ಇನ್ನೊಂದು ಬಿತ್ತಿರುತ್ತಾರೆ. ಎಂಟನೇ ಈಯತ್ತೆಯಿಂದ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಸಾಲಿಗೆ ಎಷ್ಟು ಗಿಡ, ಯಾವ ವಾರ ಎಷ್ಟು ಬಾಡಿದವು, ಹಿಂದಿನ ವರ್ಷ ಅದೇ ಜಾಗದಲ್ಲಿ ಏನಿತ್ತು, ನೀರು ನಿಂತಿತ್ತೇ, ಇಷ್ಟು ಬರೆದಿಡುವ ಹುಡುಗಿಯೊಬ್ಬಳನ್ನು ಊಹಿಸು. ನಾಲ್ಕು ಹಂಗಾಮು ಆಗುವಷ್ಟರಲ್ಲಿ ಅವಳ ಹತ್ತಿರ ಇರುವುದು ದಿಲ್ಲಿಯ ಯಾವ ಹುಡುಗನ ಹತ್ತಿರವೂ ಇರುವುದಿಲ್ಲ. ಹೈದರಾಬಾದಿನ ಮಗ್ಗುಲಲ್ಲಿ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ತೊಗರಿ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ವಿಜ್ಞಾನಿಗಳಿದ್ದಾರೆ. ಒಂದು ಮೇಲ್ ಹಾಕಿದರೆ ಉತ್ತರ ಬಾರದಿರಬಹುದು, ಬರಲೂಬಹುದು. ಭೀಮೆಯ ನೀರು ಘತ್ತರಗಿ, ಗಾಣಗಾಪುರದ ಕಡೆ ಯಾವ ವರ್ಷ ಎಲ್ಲಿಯವರೆಗೆ ಏರಿತು, ಯಾರ ಮನೆಯ ಗೋಡೆಯ ಮೇಲೆ ಗುರುತಿದೆ ಅಂತ ಹುಡುಕಿ ನಕಾಶೆ ಮಾಡಿದವನದೂ ಹಾಗೆಯೇ. ಆಳಂದದ ಗಡಿ ಹಳ್ಳಿಗಳಲ್ಲಿ ಒಂದೇ ಮನೆಯಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ಹೇಗೆ ಕಲೆತಿವೆ ಅಂತ ಅಜ್ಜಿಯರ ಮಾತು ರೆಕಾರ್ಡ್ ಮಾಡಿದರೆ ಭಾಷಾಶಾಸ್ತ್ರದವರು ಕಿವಿ ನಿಮಿರಿಸುತ್ತಾರೆ.

ಪ್ರಬಂಧದಲ್ಲಿ ಬಡತನವನ್ನು ಜೋಳಿಗೆಯಂತೆ ಮುಂದೆ ಹಿಡಿಯಬೇಡ. ಬಡತನ ಆಗಲೇ ಫಾರಂನಲ್ಲಿ ಬಂದಿದೆ. ನೀನು ಏನನ್ನು ನೋಡಿ ಏನು ಯೋಚಿಸಿದೆ ಅನ್ನುವುದು ಎಲ್ಲಿಯೂ ಬಂದಿಲ್ಲ, ಅದಕ್ಕೇ ಆ 650 ಪದ. ಹಣ ಕೊಟ್ಟು ಬರೆಸಿದ ಪ್ರಬಂಧ, ಈಗ ಯಂತ್ರದಿಂದ ಬರೆಸಿದ್ದು, ಎರಡೂ ಒಂದೇ ವಾಸನೆ ಹೊಡೆಯುತ್ತವೆ. ಸಾವಿರಗಟ್ಟಲೆ ಓದುವವರ ಮೂಗಿಗೆ ಅದು ಬೇಗ ಸಿಗುತ್ತದೆ.

ಪರೀಕ್ಷೆಯ ವಿಷಯ ಚಿಕ್ಕದಾಗಿ. ಕೋವಿಡ್ ಕಾಲದಲ್ಲಿ ಬಿಟ್ಟಿದ್ದ ಎಸ್‌ಎಟಿಯನ್ನು ಎಂಐಟಿ 2022ರಲ್ಲಿ, ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ 2024ರಲ್ಲಿ ಮತ್ತೆ ಕಡ್ಡಾಯ ಮಾಡಿದವು. ಅದು ಈಗ ಕಂಪ್ಯೂಟರಿನ ಮೇಲೆ ನಡೆಯುತ್ತದೆ, ಬರೆಯಲು ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕು. ಅಭ್ಯಾಸ ಖಾನ್ ಅಕಾಡೆಮಿಯಲ್ಲಿ ಪುಕ್ಕಟೆ. ಗಣಿತ ನಿನಗೆ ಕಷ್ಟವಾಗದು, ಇಂಗ್ಲಿಷ್ ಭಾಗ ಕನ್ನಡ ಮಾಧ್ಯಮದವರನ್ನು ಕಾಡುತ್ತದೆ. ಅದಕ್ಕೆ ಒಂದೇ ಔಷಧ, ಒಂಬತ್ತನೇ ತರಗತಿಯಿಂದ ದಿನಾ ಇಂಗ್ಲಿಷಿನಲ್ಲಿ ಏನಾದರೂ ಓದುವುದು. ಪಿಯುಸಿ ಎರಡನೇ ವರ್ಷದಲ್ಲಿ ಕೋಚಿಂಗ್ ಸೇರಿ ದಾಟಬಹುದಾದ ಹಳ್ಳವಲ್ಲ ಅದು.

ಪತ್ರಗಳ ವಿಷಯ ನನ್ನ ಮಾಸ್ತರ ಬಂಧುಗಳಿಗೂ ಸೇರಿ ಹೇಳುತ್ತೇನೆ. ಅರ್ಜಿಯ ಜೊತೆ ಪಾಠ ಹೇಳಿದವರ ಶಿಫಾರಸು ಪತ್ರ, ಶಾಲೆಯ ಪರವಾಗಿ ಪ್ರಾಚಾರ್ಯರ ವರದಿ ಹೋಗಬೇಕು. ನಮ್ಮಲ್ಲಿ ಬರೆಯುವ ಪತ್ರ ಗೊತ್ತಲ್ಲ, 'ಈತ ವಿಧೇಯ, ಪರಿಶ್ರಮಿ, ಸನ್ನಡತೆಯುಳ್ಳವನು'. ನಡತೆ ಪ್ರಮಾಣಪತ್ರವನ್ನೇ ಇಂಗ್ಲಿಷಿಗೆ ಹಾಕಿದ್ದು. ವಿಧೇಯ ಅಂದರೆ ಅಲ್ಲಿಯವರಿಗೆ ಹೊಗಳಿಕೆಯಾಗಿ ಕೇಳಿಸುವುದೇ ಇಲ್ಲ. ಅವರಿಗೆ ಬೇಕಾದದ್ದು ಒಂದು ಘಟನೆ: ಲೋಲಕದ ಪ್ರಯೋಗದಲ್ಲಿ ಉತ್ತರ ಸರಿ ಬಾರದಿದ್ದಾಗ ಉಳಿದವರು ಪುಸ್ತಕದ ಅಂಕಿ ಬರೆದರು, ಈ ಹುಡುಗಿ ಸಂಜೆಯವರೆಗೆ ನಿಂತು ದಾರದ ಉದ್ದವನ್ನು ಅಳೆದದ್ದೇ ತಪ್ಪು ಅಂತ ಕಂಡುಹಿಡಿದಳು. ಇಂಥದ್ದೊಂದು. ಮಾಸ್ತರರಿಗೆ ಅದು ನೆನಪಿರಬೇಕಾದರೆ ನೀನು ಅಂಥದ್ದು ಮಾಡಿರಬೇಕು, ಮಾಡಿದ್ದನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟಿರಬೇಕು. ಪತ್ರವನ್ನೇ ನೀನು ಬರೆದು ಸಹಿ ಹಾಕಿಸಿಕೊಳ್ಳುವುದು ಬೇಡ. ಆಗಸ್ಟ್‌ನಲ್ಲಿ ಕೇಳು, ಕೊನೆಯ ದಿನ ಜನವರಿ 1 ಅಂತ ಡಿಸೆಂಬರ್ ಮೂವತ್ತಕ್ಕೆ ಮನೆಬಾಗಿಲಿಗೆ ಬರಬೇಡ.

ಇಷ್ಟು ಹೇಳಿದ ಮೇಲೆ ನನ್ನ ಮನಸ್ಸಿನ ಮಾತು. ಹದಿನೆಂಟಕ್ಕೆ ಈ ಬಾಗಿಲು ತಟ್ಟುವುದಾದರೆ ತಟ್ಟು, ಐದಾರು ಕಡೆ ತಟ್ಟು, ಆದರೆ ಅಮೆರಿಕದ ದಾರಿ ಇದೊಂದೇ ಅಂದುಕೊಳ್ಳಬೇಡ. ಕನ್ನಡದ ಮಕ್ಕಳು ಅಲ್ಲಿಗೆ ಹೋಗಿ ಹೆಸರಾದ ದಾರಿ ಬಹುಪಾಲು ಬೇರೆಯದು. ಬೆಂಗಳೂರಿನ ಸಿ.ಎನ್.ಆರ್. ರಾವ್ ಇಲ್ಲಿ ಎಂ.ಎಸ್ಸಿ. ಮುಗಿಸಿ ಹೋಗಿ 1958ರಲ್ಲಿ ಪರ್ಡ್ಯೂನಿಂದ ಪಿಎಚ್.ಡಿ. ತಂದರು. ಎ.ಕೆ. ರಾಮಾನುಜನ್ ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು, ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಇಂಡಿಯಾನಾಕ್ಕೆ ಹೋದಾಗ ಮೂವತ್ತರ ಹರೆಯ. ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ದಿಲ್ಲಿ ಐಐಟಿ ಮುಗಿಸಿ ಬರ್ಕ್ಲಿಗೆ ಹೋಗಿ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಲೇ 1982ರಲ್ಲಿ ಮೊದಲ ಮಿಲಿಸೆಕೆಂಡ್ ಪಲ್ಸಾರ್ ಪತ್ತೆಹಚ್ಚಿದ ತಂಡದಲ್ಲಿದ್ದರು. 2024ರ ಶಾ ಪ್ರಶಸ್ತಿ ಅವರಿಗೆ ಬಂತು. ಮಗಳನ್ನು ಕಲಬುರಗಿಯ ಹಾಸ್ಟೆಲ್ಲಿಗೆ ಕಳಿಸಲೂ ಹಿಂದೆಮುಂದೆ ನೋಡುವ ಅಪ್ಪಂದಿರಿಗೆ ರಾಜೇಶ್ವರಿ ಚಟರ್ಜಿಯವರ ಹೆಸರು ಹೇಳಿ. ಸ್ವಾತಂತ್ರ್ಯ ಬರುವ ಹೊತ್ತಿಗೆ ಸರ್ಕಾರದ ವಿದ್ಯಾರ್ಥಿವೇತನ ಹಿಡಿದು ಮಿಶಿಗನ್‌ಗೆ ಹೊರಟ ಕರ್ನಾಟಕದ ಹೆಣ್ಣುಮಗಳು ಅವರು. 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಕಲಿಸಿದರು. ಅವರಿಗೂ ಹಿಂದೆ, 1913ರಲ್ಲಿ, ಬರೋಡದ ಮಹಾರಾಜರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷಕ್ಕೆ ಕೊಟ್ಟ ನೆರವಿನಲ್ಲಿ ಬಾಬಾಸಾಹೇಬರು ಕೊಲಂಬಿಯಾ ಸೇರಿದ್ದೂ ಬಿ.ಎ. ಮುಗಿಸಿದ ಮೇಲೆಯೇ.

ಇದು ಹಳೆಯ ಕಾಲದ ಮಾತು ಅನ್ನಬೇಡ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತದ 3,31,602 ವಿದ್ಯಾರ್ಥಿಗಳಲ್ಲಿ ಪದವಿ ಓದುತ್ತಿದ್ದವರು ಸುಮಾರು 36,000. ಸ್ನಾತಕೋತ್ತರ ಮತ್ತು ಪಿಎಚ್.ಡಿ.ಯವರು 1,96,000ಕ್ಕೂ ಹೆಚ್ಚು. ಉಳಿದವರಲ್ಲಿ ಬಹುಪಾಲು ಓದು ಮುಗಿಸಿ ತರಬೇತಿ ಪರವಾನಗಿಯ ಮೇಲೆ ಕೆಲಸದಲ್ಲಿದ್ದವರು.

ಪಿಎಚ್.ಡಿ. ಬಾಗಿಲಿನ ಗುಣ ಬೇರೆ. ವಿಜ್ಞಾನ, ಇಂಜಿನಿಯರಿಂಗ್, ಕೃಷಿಯಲ್ಲಿ ಸೀಟು ಕೊಟ್ಟರೆ ಸಾಮಾನ್ಯವಾಗಿ ಫೀ ಮಾಫಿ, ಜೊತೆಗೆ ಪಾಠಕ್ಕೋ ಪ್ರಯೋಗಾಲಯಕ್ಕೋ ನೆರವಾದದ್ದಕ್ಕೆ ತಿಂಗಳ ಸಂಬಳ. ಆರಿಸುವವರು ಪ್ರವೇಶ ಕಚೇರಿಯವರಲ್ಲ, ಆ ವಿಷಯ ಬಲ್ಲ ಪ್ರಾಧ್ಯಾಪಕರು. ಅವರಿಗೆ ನೀನು ಪಿಯಾನೊ ನುಡಿಸುತ್ತೀಯಾ ಅನ್ನುವುದು ಬೇಕಿಲ್ಲ, ಈ ಕೆಲಸ ಬರುತ್ತದೆಯೇ ಅನ್ನುವುದು ಬೇಕು. ಅಲ್ಲೂ ಹೆಸರಾದ ವಿಭಾಗಗಳಲ್ಲಿ ನೂರಾರು ಅರ್ಜಿಗೆ ಬೆರಳೆಣಿಕೆಯ ಜಾಗ, ಅದು ನಿಜ. ಆದರೆ ಮೇಲ್ಮಟ್ಟದ ಸಂಶೋಧನೆ ನಡೆಸುವ ವಿಶ್ವವಿದ್ಯಾಲಯಗಳೇ ಅಲ್ಲಿ ನೂರೆಂಬತ್ತಕ್ಕೂ ಹೆಚ್ಚಿವೆ. ತೊಗರಿಯ ಹುಡುಗಿಗೆ ಹಾರ್ವರ್ಡ್‌ಗಿಂತ ಕಾನ್ಸಾಸ್ ಸ್ಟೇಟ್, ಅಯೋವಾ ಸ್ಟೇಟ್, ಡೇವಿಸ್ ಹತ್ತಿರದ ಊರು. 1862ರ ಮೊರಿಲ್ ಕಾಯ್ದೆಯಿಂದ ರೈತರಿಗಾಗಿ ನೆಲ ಪಡೆದು ಹುಟ್ಟಿದ ವಿಶ್ವವಿದ್ಯಾಲಯಗಳ ಸಾಲಿನವು ಅವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಕೈಹಿಡಿದದ್ದೂ ಅದೇ ಸಾಲಿನ ಟೆನೆಸಿ ವಿಶ್ವವಿದ್ಯಾಲಯ. ಬೆಂಗಳೂರಿನ ಆ ವಿಶ್ವವಿದ್ಯಾಲಯದ ಕವಲೇ ಮುಂದೆ ಧಾರವಾಡದ್ದಾಯಿತು, ಧಾರವಾಡದ ಕವಲು ರಾಯಚೂರು, ಅದರ ಕೃಷಿ ಕಾಲೇಜು ಇವತ್ತು ಕಲಬುರಗಿಯಲ್ಲಿದೆ.

ಈ ದಾರಿಯ ಮೊದಲ ಹೆಜ್ಜೆ ಮನೆಯ ಹತ್ತಿರವೇ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬಸ್ಸಿನಲ್ಲಿ ಅದರ ಮುಂದೆಯೇ ಹಾದುಹೋಗುವ ನಮ್ಮ ಎಷ್ಟೋ ಮಕ್ಕಳು ಒಳಗೆ ಕಾಲಿಟ್ಟಿಲ್ಲ. ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು 1958ರಿಂದ ಇದೆ. ಪುಣೆ, ತಿರುಪತಿಯ ಐಸರ್‌ಗಳು ಬರೀ ವಿಜ್ಞಾನಕ್ಕೆಂದೇ ಕಟ್ಟಿದವು, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ. ಎಲ್ಲಿ ಸೇರಿದರೂ ಬೇಸಿಗೆ ರಜೆಯನ್ನು ಹಾಳುಮಾಡಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನಿಗೆ ಬರೆದುಕೊಡುವ ಪತ್ರದ ತೂಕವೇ ಬೇರೆ. ಇನ್ನೊಂದು ತಾಂತ್ರಿಕ ಮಾತು: ನಮ್ಮ ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಬಂದಿದೆ. ಅಮೆರಿಕದಲ್ಲಿ ಎಷ್ಟೋ ಕಡೆ ಹದಿನಾರು ವರ್ಷದ ಓದು ಕೇಳುತ್ತಾರೆ. ಮೂರು ವರ್ಷದ ಬಿ.ಎಸ್ಸಿ.ಯವನು ಎಂ.ಎಸ್ಸಿ. ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ನೆರವಿನ ಬಾಬತ್ತು: ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 125 ಜಾಗ, ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಇದೆ. ಯಾವ ಜಾತಿಯವರಾದರೂ ಸರಿ, ಜೆ.ಎನ್. ಟಾಟಾ ದತ್ತಿಯ ಸಾಲ-ವೇತನ 1892ರಿಂದ ನಡೆದುಬಂದಿದೆ. ಫುಲ್‌ಬ್ರೈಟ್-ನೆಹರು ಇದೆ. 371(ಜೆ) ಪ್ರಮಾಣಪತ್ರ ಮಾತ್ರ ಅಲ್ಲಿ ಯಾರಿಗೂ ಅರ್ಥವಾಗದು. ಅದರ ಬಲದಿಂದ ಇಲ್ಲಿ ಒಳ್ಳೆಯ ಕಾಲೇಜು ಸೇರು, ಅಷ್ಟೇ ಅದರ ಕೆಲಸ.

ಏಜೆಂಟರ ಬಗ್ಗೆ ಬಹಳ ಹೇಳುವುದಿಲ್ಲ. 'ಗ್ಯಾರಂಟಿ ಅಡ್ಮಿಷನ್' ಅಂತ ಬೋರ್ಡು ಹಾಕಿದವನು ಕಳಿಸುವುದು ತನಗೆ ಕಮಿಷನ್ ಕೊಡುವ ಕಾಲೇಜಿಗೆ. ಸೀಟು ಸುಲಭವಾಗಿ ಸಿಗುವ ಆ ಎಂ.ಎಸ್. ಕೋರ್ಸಿಗೆ ನೆರವು ಇಲ್ಲದೆ ಮೂವತ್ತು-ನಲವತ್ತು ಲಕ್ಷ ಹೋಗುತ್ತದೆ. ಹಲವು ಬ್ಯಾಂಕುಗಳು ಹೊಲವನ್ನು ಒತ್ತೆಯಾಗಿ ಒಪ್ಪುವುದಿಲ್ಲ, ಹಾಗಾಗಿ ಹೊಲ ಮಾರುವ ಮಾತು ಬರುತ್ತದೆ. ಆ ಮಾತು ಮನೆಯಲ್ಲಿ ಬಂದ ದಿನ ನೀನೇ ಬೇಡ ಅನ್ನು. ಅಮೆರಿಕ ಸರ್ಕಾರದ್ದೇ ಆದ ಎಜುಕೇಶನ್‌ಯುಎಸ್‌ಎ ಕೇಂದ್ರಗಳು ಪುಕ್ಕಟೆ ಸಲಹೆ ಕೊಡುತ್ತವೆ, ಆನ್‌ಲೈನಿನಲ್ಲೂ ಮಾತಾಡುತ್ತಾರೆ.

ಗಾಳಿ ಈಗ ಅನುಕೂಲವಾಗಿಲ್ಲ ಅನ್ನುವುದನ್ನೂ ಮುಚ್ಚಿಡುವುದಿಲ್ಲ. 2025ರ ಮೇ ಕೊನೆಯಿಂದ ಜೂನ್ ನಡುವಿನವರೆಗೆ ವಿದ್ಯಾರ್ಥಿ ವೀಸಾ ಸಂದರ್ಶನಕ್ಕೆ ಹೊಸ ದಿನಾಂಕ ಕೊಡುವುದನ್ನೇ ನಿಲ್ಲಿಸಿದ್ದರು. ಹಾರ್ವರ್ಡ್ ವಿದೇಶಿಯರನ್ನು ಸೇರಿಸಿಕೊಳ್ಳಬಾರದೆಂದು ಅಲ್ಲಿನ ಸರ್ಕಾರ ಹೊರಟು, ನ್ಯಾಯಾಲಯ ತಡೆಯಿತು. ಸಂಶೋಧನೆಯ ಅನುದಾನ ಕಡಿತವಾಗಿ ಹಲವು ವಿಭಾಗಗಳು ಪಿಎಚ್.ಡಿ. ಜಾಗ ಇಳಿಸಿದವು. ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಬಂತು. ನೀನು ಈಗ ಹತ್ತನೇ ತರಗತಿಯಲ್ಲಿದ್ದರೆ ಪಿಎಚ್.ಡಿ. ಹೊತ್ತಿಗೆ ಆರೇಳು ವರ್ಷ ಕಳೆದಿರುತ್ತದೆ, ಸರ್ಕಾರಗಳೂ ಬದಲಾಗಿರುತ್ತವೆ. ತಡವಾದ ದಾರಿಗೆ ಇದೂ ಒಂದು ಲಾಭ.

ಕಾಗದಪತ್ರದ ಒಂದು ಕೆಲಸ ಈಗಲೇ ಮಾಡು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಅಪ್ಪನ ಹೆಸರು ಸೇರಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ, ಇದು ನಮ್ಮಲ್ಲಿ ಮನೆಮನೆಯ ಕಥೆ. ಪಾಸ್‌ಪೋರ್ಟಿನ ಹೆಸರು ಒಂದೇ ಖಾನೆಯಲ್ಲಿದ್ದರೆ ಅಮೆರಿಕದ ವೀಸಾದಲ್ಲಿ ನಿನ್ನ ಮೊದಲ ಹೆಸರು 'ಗೊತ್ತಿಲ್ಲ' ಅಂತ ಅಚ್ಚಾಗುತ್ತದೆ, ಮುಂದೆ ಬ್ಯಾಂಕಿನಿಂದ ಹಿಡಿದು ಪರವಾನಗಿಯವರೆಗೆ ಅದೇ ಗೋಳು. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವಾಗಲೇ ಮಾಸ್ತರರ ಪಕ್ಕ ಕೂತು ಅಕ್ಷರ ಅಕ್ಷರ ನೋಡು.

ಮತ್ತೆ ಕ್ಯಾಲೆಂಡರು. ಜನವರಿಯಲ್ಲಿ ಅರ್ಜಿ ಹೋಗುತ್ತದೆ. ಮಾರ್ಚ್‌ನಲ್ಲಿ ಪಿಯುಸಿ ಪರೀಕ್ಷೆ. ಮಾರ್ಚ್ ಕೊನೆಯ ವಾರ ನಮ್ಮ ಬೆಳಗಿನ ನಾಲ್ಕೂವರೆಯ ಸುಮಾರಿಗೆ ಅಲ್ಲಿನ ಹಲವು ದೊಡ್ಡ ವಿಶ್ವವಿದ್ಯಾಲಯಗಳ ಉತ್ತರ ಬರುತ್ತದೆ. ಏಪ್ರಿಲ್‌ನಲ್ಲಿ ಸಿಇಟಿ. ಆ ಉತ್ತರ ಹೌದೆಂದರೂ ಪಿಯುಸಿ ಅಂಕ ಕುಸಿದರೆ ಅವರು ಹಿಂದೆಗೆದುಕೊಳ್ಳಬಲ್ಲರು. ಇಲ್ಲವೆಂದರೆ ಸಿಇಟಿಗೂ ಐಸರ್ ಪರೀಕ್ಷೆಗೂ ಓದುವುದು ಅದೇ ಭೌತಶಾಸ್ತ್ರ, ಅದೇ ಗಣಿತ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯದಾಗಿತ್ತು, ನೂರಕ್ಕೆ 42.43. ಅಂಥ ಜಿಲ್ಲೆಯಿಂದ ಬಂದವನ ಅಂಕಪಟ್ಟಿಯ ಹಿಂದಿನ ಕಥೆಯನ್ನು ಶಾಲೆಯ ವರದಿಯಲ್ಲಿ ಪ್ರಾಚಾರ್ಯರು ಬರೆಯಬಹುದು, ಬರೆಯಬೇಕು ಕೂಡ. ಅವರಿಗೆ ಗೊತ್ತಿಲ್ಲದಿದ್ದರೆ ನನ್ನ ಹತ್ತಿರ ಕರೆದುಕೊಂಡು ಬಾ, ಕೂತು ಬರೆಯೋಣ. ಬರುವಾಗ ನಿನ್ನ ಆ ನೋಟ್‌ಬುಕ್ಕೂ ತಾ.